ಬಗ್ಗದ ಕತ್ತು

ಒಸಾಕಾದ ಒಂದು ದಿಂಬಿನ ಕಂಪನಿ ತನ್ನ ಹೊಸ ದಿಂಬಿಗೆ ‘ಮೋಡದ ನಿದ್ದೆ’ ಎಂದು ಹೆಸರಿಟ್ಟು, ನೌಕರರಿಗೆಲ್ಲ ಒಂದೊಂದನ್ನು ಉಡುಗೊರೆಯಾಗಿ ಕೊಟ್ಟಿತು. ದೂರು ವಿಭಾಗದ ಮಿನೆಗಿಶಿ ಅದರ ಮೇಲೆ ಮಲಗಿ ಎದ್ದ. ಕತ್ತಿನ ಬುಡದಿಂದ ಹೊರಟ ನೋವು ನೆತ್ತಿ ಹತ್ತಿ, ಬಲಗಣ್ಣಿನ ಹಿಂದೆ ಕುಳಿತು ಒನಕೆ ಹಿಡಿದು ಕುಟ್ಟತೊಡಗಿತು. ಹಳೆಯ ದಿಂಬಿಗೆ ಮರಳೋಣವೆಂದರೆ, ಪುಕ್ಕಟೆಯದು ಬಂದ ದಿನವೇ ಹೆಂಡತಿ ಹಳೆಯದನ್ನು ಕಸಕ್ಕೆ ಹಾಕಿದ್ದಳು.

ದೂರು ವಿಭಾಗವೆಂದರೆ ದೂರು ಕೇಳಿ ಸರಿಪಡಿಸುವ ಜಾಗವೇನಲ್ಲ. ಬೈದವರ ಮುಂದೆ ತಪ್ಪಾಯಿತೆಂದು ಸೊಂಟ ಮುರಿಯುವಂತೆ ಬಗ್ಗುವ ಜಾಗ. ಅಂದು ಮಧ್ಯಾಹ್ನ ಬಗ್ಗಬೇಕಿದ್ದದ್ದು ಅರಿಮಾ ಊರಿನ ಬಿಸಿನೀರ ಸ್ನಾನದ ವಸತಿಗೃಹದ ಒಡತಿ ಶಿರಾತೊರಿಯ ಮುಂದೆ. ಆಕೆ ಕೋಣೆಕೋಣೆಗೂ ಈ ದಿಂಬನ್ನೇ ಹಾಕಿಸಿದ್ದಳು. ಅತಿಥಿಗಳು ಬೆಳಿಗ್ಗೆ ಕತ್ತು ಓರೆ ಮಾಡಿಕೊಂಡು ತಿಂಡಿಗೆ ಬರುತ್ತಿದ್ದರು.

“ದಿಂಬು ವಾಪಸ್ ಬಂದ್ರೆ ನೀನೂ ವಾಪಸ್ ಮನೇಗೆ. ನೆಲ ಮುಟ್ಟೋ ಹಂಗೆ ಬಗ್ಗು,” ಎಂದ ವಿಭಾಗದ ಮುಖ್ಯಸ್ಥ ಒನೊದೆರಾ.

“ಬಗ್ಗಿದ್ರೆ ತಲೆ ಸಿಡಿಯತ್ತೆ ಸಾರ್.”

“ಸಿಡೀಲಿ. ಆಕೆಗೂ ಸಮಾಧಾನ ಆಗತ್ತೆ.”

ತಲೆನೋವು ಒಬ್ಬನದು, ವೈದ್ಯರು ಕಚೇರಿ ತುಂಬ. ಲೆಕ್ಕ ಬರೆಯುವ ತೊಕುನಾಗಾ ನೋವಿನ ಪಟ್ಟಿಯನ್ನು ತಂದು ಕೂದಲ ಮೇಲೇ ಅಂಟಿಸಿದಳು. ತಪ್ಪಾಯಿತೆಂದು ಕಿತ್ತಾಗ ಹಿಡಿ ಕೂದಲೂ ಬಂತು. ಕಾಲೇಜಿನಲ್ಲಿ ಜೂಡೋ ಆಡಿದ್ದ ಇಗರಾಶಿ, “ಅಲ್ಲಾಡ್ಬೇಡಿ,” ಎಂದು ತೆಂಗಿನಕಾಯಿ ಕೀಳುವವನಂತೆ ಎರಡೂ ಕೈಯಲ್ಲಿ ತಲೆ ಹಿಡಿದು ತಿರುವಿದ. ಕಟಕ್ ಎಂದಿತು.

“ಹೋಯ್ತಾ ನೋವು?”

“ಹೋಗಿ, ಜೊತೆಗಿನ್ನೊಬ್ಬರನ್ನ ಕರ್ಕೊಂಡು ಬಂತು.”

ಊಟದ ಬಿಡುವಿನಲ್ಲಿ ಮಿನೆಗಿಶಿ ಈ ವೈದ್ಯರಿಂದ ತಪ್ಪಿಸಿಕೊಂಡು ಅಂಗಡಿ ಸಾಲಿನ ಕೈಚಿಕಿತ್ಸೆಯ ಮನೆಗೆ ಓಡಿದ. ಅಲ್ಲಿನ ನಿಶಿವಾಕಿ ಎಂಬಾಕೆ ಅವನನ್ನು ಅಂಗಾತ ಮಲಗಿಸಿ, ತಲೆಯನ್ನು ಅಂಗೈಗಳಲ್ಲಿ ಎತ್ತಿಕೊಂಡಳು.

“ನೋವು ತಲೇದಲ್ಲ ಕಣ್ರೀ, ಕತ್ತಿಂದು. ಜಗಳ ಕೆಳಗಿನ ಮನೇಲಿ, ನೀವು ಮಹಡೀಲಿ ಕಿವಿ ಮುಚ್ಕೊಂಡು ಕೂತಿದ್ದೀರಿ.”

ಬುರುಡೆಯ ಅಂಚಿನ ಕೆಳಗೆ ಬೆರಳೂರಿ ಸುಮ್ಮನೆ ಹಿಡಿದಳು. ಬಿಗಿದ ಸ್ನಾಯು ಬಿಸಿಯನ್ನದ ಮೇಲಿನ ಬೆಣ್ಣೆಯಂತೆ ಸಡಿಲಿತು. ಕತ್ತಿನ ಮೇಲ್ತುದಿಯ ಮೂಳೆಯನ್ನು ಮೆಲ್ಲಗೆ ಒತ್ತಿ ಹಿಡಿದು, “ಈಗ ನೀವೇ ತಿರುಗಿಸಿ,” ಎಂದಳು. ತಿರುಗಿಸಿದ. ಒನಕೆ ನಿಂತಿತು. ಮಿನೆಗಿಶಿಗೆ ಅಳುವೇ ಬಂತು.

“ಯಾವ ದಿಂಬು ಹಾಕ್ಕೋತೀರಿ?”

ಹೇಳಿದ.

“ಆ ದರಿದ್ರಾನ ಮೊದ್ಲು ಎಸೀರಿ. ಇವತ್ತು ಪೂರ್ತಿ ತಲೆ ಬಗ್ಗಿಸ್ಬೇಡಿ. ಬಗ್ಗಿಸಿದ್ರೆ ನಾನು ಮಾಡಿದ್ದೆಲ್ಲ ಹೊಳೇಲಿ ಹುಣಸೇಹಣ್ಣು ತೊಳ್ದಂಗೆ.”

ಅರಿಮಾದಲ್ಲಿ ಒನೊದೆರಾ ಮಡಿಸುವ ಕುರ್ಚಿಯಂತೆ ಬಗ್ಗಿದ. ಪಕ್ಕದಲ್ಲಿ ಮಿನೆಗಿಶಿ ಕಂಬದಂತೆ ನಿಂತಿದ್ದ. ಬಗ್ಗಿದರೆ ತಲೆ ಹೋಗುತ್ತದೆ, ಬಗ್ಗದಿದ್ದರೆ ಕೆಲಸ. ಒನೊದೆರಾ ಬಗ್ಗಿದಲ್ಲಿಂದಲೇ ಅವನ ಕಾಲು ತುಳಿದ. ಕತ್ತು ಜಪ್ಪಯ್ಯ ಎನ್ನಲಿಲ್ಲ.

ಶಿರಾತೊರಿ ಹತ್ತಿರ ಬಂದು ಸಂತೆಯಲ್ಲಿ ಎತ್ತು ನೋಡುವಂತೆ ಅವನನ್ನು ಸುತ್ತಿ ನೋಡಿದಳು.

“ನಿಮ್ಮ ಕಂಪನಿಯಿಂದ ಬಂದವರೆಲ್ಲ ಬಗ್ಗಿದ್ರು. ಕಳ್ಳ ತಾನೇ ಬಗ್ಗೋದು? ನೀನೊಬ್ಬ ನೆಟ್ಟಗೆ ನಿಂತಿದ್ದೀಯ. ಯಾವ ದಿಂಬಿನ ಮೇಲೆ ಮಲಗ್ತೀಯಪ್ಪಾ?”

“ಮೋಡದ ನಿದ್ದೆ.” ಸುಳ್ಳೇನಲ್ಲ.

“ತಲೆನೋವು?”

“ಈಗ ಇಲ್ಲಮ್ಮ.” ಅದೂ ಸುಳ್ಳಲ್ಲ.

ಒನೊದೆರಾ ಸ್ಪ್ರಿಂಗಿನಂತೆ ಎದ್ದ. “ನೋಡಿ ಅಮ್ಮಾವ್ರೇ, ಇದು ನಮ್ಮ ದಿಂಬು ಸಾಕಿದ ಕತ್ತು.”

“ಹಾಗಾದ್ರೆ ದಿಂಬೂ ಇಲ್ಲೇ ಇರ್ಲಿ, ಈ ಕತ್ತೂ ಇರ್ಲಿ. ಇವತ್ತು ನಮ್ಮಲ್ಲೇ ಮಲಗ್ಲಿ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅತಿಥಿಗಳ ಮುಂದೆ ನಿಲ್ಲಿಸ್ತೀನಿ.”

“ಒಂದು ದಿನ ಯಾಕೆ, ತಿಂಗಳು ಇಟ್ಕೊಳ್ಳಿ,” ಎಂದ ಒನೊದೆರಾ.

ಮಿನೆಗಿಶಿ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಒಡತಿ ಅವನಿಗೆ ಬಗ್ಗಿ ವಂದಿಸಿದಳು. ಗಿರಾಕಿ ಬಗ್ಗಿದರೆ ಅವರಿಗಿಂತ ಒಂದು ಗೇಣು ಕೆಳಗೆ ಬಗ್ಗುವುದು ಅವನ ಮೈಗೆ ಅಂಟಿದ ಚಟ. ಬಗ್ಗಿಬಿಟ್ಟ. ಕಟಕ್. ಒನಕೆ ಎದ್ದಿತು, ಕತ್ತು ಏಳಲಿಲ್ಲ.

“ಎಷ್ಟು ವಿನಯ,” ಎಂದಳು ಶಿರಾತೊರಿ. ಆಮೇಲೆ ಒಳಕ್ಕೆ ತಿರುಗಿ ಹೇಳಿದಳು: “ಇವ್ರಿಗೆ ಹಾಸಿಗೆ ಹಾಸ್ರೇ. ಎರಡು ದಿಂಬು ಕೊಡಿ.”