ಹಿಂದಕ್ಕೂ ಹಾಡುವ ಹಲಗೆ

ಭಾನುವಾರ ಬೆಳಿಗ್ಗೆ ಜಯದೇವಿ ಕಾಫಿ ಲೋಟ ಕುಕ್ಕಿದ ಸದ್ದಿನಲ್ಲೇ ತೀರ್ಪಿತ್ತು.

"ಸಂಜೆ ನಾಲ್ಕಕ್ಕೆ ರೇಡಿಯೋದಲ್ಲಿ ನನ್ನ ವಚನ ಗಾಯನ. ಹೋದ ವಾರ ರೆಕಾರ್ಡ್ ಮಾಡ್ಕೊಂಡಿದ್ದು, ಮೊದಲ್ನೇ ಸಲ ಬರ್ತಿದೆ. ನಿಮ್ಮ ಹಲಗೇಲಿ ಅದು ಸರಿಯಾಗಿ ಕೇಳಿಸ್ಲಿಲ್ಲ ಅಂದ್ರೆ ನಾಳೆ ಹಲಗೆ ಈ ಮನೇಲಿರಲ್ಲ, ನೋಡ್ತಿರಿ."

ಹಲಗೆಯೆಂದರೆ ಅವಳ ಗಂಡ, ರಾಜಾಜಿನಗರದ ಕಾರ್ಖಾನೆಯೊಂದರ ಫೋರ್‌ಮನ್ ಕರಿಬಸಪ್ಪ, ಆರು ತಿಂಗಳು ಕೂತು ಕಟ್ಟಿದ ಸ್ಪೀಕರು. ಮರದ ಚೌಕಟ್ಟಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದದ್ದು, ಬಾಗಿಲಿನಷ್ಟು ಎತ್ತರ. ಅದು ಮುಂದಕ್ಕೆ ಎಷ್ಟು ಹಾಡುತ್ತಿತ್ತೋ ಹಿಂದಕ್ಕೂ ಅಷ್ಟೇ ಹಾಡುತ್ತಿತ್ತು. ಹತ್ತಡಿಯ ಕೋಣೆಯಲ್ಲಿ ಹಿಂದಿನ ಹಾಡು ಗೋಡೆಗೆ ಬಡಿದು ಬಂದು, ಸಿಟಿ ಬಸ್ಸಿಗೆ ಕೊನೆಯಲ್ಲಿ ಹತ್ತಿದವನಂತೆ ಮುಂದಿನ ಹಾಡಿನ ಕಾಲು ತುಳಿಯುತ್ತಿತ್ತು.

"ಕಷ್ಟಪಟ್ಟು ಕಟ್ಟಿದೋನು ನಾನು. ಅರ್ಧ ಸಂಗೀತ ಗೋಡೆಗೆ ಯಾಕ್ರೀ ಹೋಗ್ಬೇಕು?" ಎಂದು ಕರಿಬಸಪ್ಪ ಗೋಡೆಯ ಮೇಲೇ ಹರಿಹಾಯ್ದ.

ಹಲಗೆಯನ್ನು ಮೂರಡಿ ಮುಂದಕ್ಕೆ ಎಳೆದ. ಜಯದೇವಿ ಅಡುಗೆಮನೆಗೆ ಅಡ್ಡಡ್ಡ ನಡೆಯಬೇಕಾಯಿತು. ಗೋಡೆಗೆ ಕೌದಿಗಳನ್ನು ನೇತುಹಾಕಿದ. ಹಾಡುಗಾರರೆಲ್ಲ ಜ್ವರ ಬಂದು ಕಂಬಳಿ ಹೊದ್ದವರಂತೆ ಮುಲುಗಿದರು.

ಆಗ ಪಕ್ಕದ ಮನೆಯ ಹನುಮಂತಯ್ಯ ಬೂದು ಬಣ್ಣದ ತಟ್ಟೆಗಳ ಕಟ್ಟು ಹೊತ್ತು ಬಂದ. "ಕರಿಬಸಪ್ನೋರೆ, ಗೋಡೆ ನುಣ್ಣಗಿರಬಾರ್ದು. ಹಿಂಗೆ ಉಬ್ಬುತಗ್ಗು ಇದ್ರೆ ಸದ್ದು ಚೆಲ್ಲಾಪಿಲ್ಲಿ ಆಗೋಗುತ್ತೆ."

ಎಷ್ಟು ಅಚ್ಚುಕಟ್ಟಾದ ಗುಳಿಗಳು! ಕರಿಬಸಪ್ಪ ಕೌದಿ ಕಿತ್ತು ಗೋಡೆಗೆ ಹನ್ನೆರಡು ತಟ್ಟೆ ಹೊಡೆದ. ಕೊನೆಯದು ದೇವರ ಗೂಡಿಗೆ ಒತ್ತಿಕೊಂಡೇ ಕೂತಿತು. ಪೂಜೆ ಮುಗಿಸಿ ಬಂದ ತಾಯಿ ಶಿವಗಂಗಮ್ಮ ಬೆರಗಾಗಿ ಸವರಿ ನೋಡಿದರು.

"ಏನಪ್ಪಾ ಇದು, ಗುಂಡಿ ಗುಂಡಿ?"

"ಮೊಟ್ಟೆ ಇಡೋ ತಟ್ಟೆ ಅಮ್ಮಾ," ಎಂದ ಹನುಮಂತಯ್ಯ, ಹೆಮ್ಮೆಯಿಂದ.

ಮೊಟ್ಟೆಯ ನೆರಳೂ ಬೀಳದ ಮನೆ ಅದು. ಶಿವಗಂಗಮ್ಮನ ಕೂಗು ಹಲಗೆಗಿಂತ ಚೆನ್ನಾಗಿ ಎಲ್ಲ ದಿಕ್ಕಿಗೂ ಹರಡಿತು. ತಟ್ಟೆಗಳು ಬೀದಿಗೆ ಹೋದವು. ಕರಿಬಸಪ್ಪ ಉರಿಯುತ್ತಲೇ ಗೋಡೆ ತೊಳೆದ. ಒಣಗಲೆಂದು ಹಲಗೆಯ ಹಿಂದೆ ಅದುವರೆಗೆ ಮುಚ್ಚಿಯೇ ಇದ್ದ ದೊಡ್ಡ ಕಿಟಕಿಯನ್ನು ಪೂರ್ತಿ ತೆರೆದ.

ನಾಲ್ಕು ಗಂಟೆ. ರೇಡಿಯೋ ಹಾಡಿತು. ಕರಿಬಸಪ್ಪ ಬೆಚ್ಚಿದ. ಹಿಂದಿನ ಹಾಡು ಕಿಟಕಿಯಿಂದ ಹೊರಗೆ ಹೋಗಿತ್ತು. ಹೋದದ್ದು ವಾಪಸು ಬರಲೇ ಇಲ್ಲ! ವಚನದ ನಡುವೆ ಜಯದೇವಿ ಉಸಿರೆಳೆದದ್ದೂ ಕೇಳಿಸಿತು.

"ಕೇಳಿದ್ಯಾ?" ಎಂದು ತಿರುಗಿದ. ಕೋಣೆಯಲ್ಲಿ ಯಾರೂ ಇಲ್ಲ.

ನೆಲವೆಲ್ಲ ನೀರು, ನಡುವೆ ಹಲಗೆ. ಕೂರಲು ಜಾಗವಿಲ್ಲದೆ ಅತ್ತೆ ಸೊಸೆ ಇಬ್ಬರೂ ಕಿಟಕಿಯಾಚೆ ಹನುಮಂತಯ್ಯನ ಜಗಲಿಯಲ್ಲಿ ಕೂತಿದ್ದರು.

"ರೀ, ಏನ್ ಸೊಗಸಾಗಿ ಕೇಳ್ತು!" ಜಯದೇವಿಯ ಕಣ್ಣು ಒದ್ದೆಯಾಗಿತ್ತು. "ಆದ್ರೆ ಇಂಥದ್ದನ್ನ ಇಲ್ಲೇ ಕೂತು ಕೇಳ್ಬೇಕು. ಅದಕ್ಕೇ ಹಲಗೇನ ಹನುಮಂತಯ್ಯನೋರಿಗೇ ಕೊಡ್ತೀವಿ ಅಂದ್ಬಿಟ್ಟೆ."

"ಕೊಡ್ತೀವಾ? ಆರು ತಿಂಗಳು..."

"ಮಾತು ಕೊಟ್ಟಾಯ್ತಪ್ಪಾ," ಎಂದರು ಶಿವಗಂಗಮ್ಮ.

ಆರು ಗಂಟೆಗೆ ಹಲಗೆ ಹನುಮಂತಯ್ಯನ ಹಜಾರ ಸೇರಿತು, ಬೆನ್ನು ಕರಿಬಸಪ್ಪನ ಮನೆಯತ್ತ. ತೆರೆದ ಕಿಟಕಿಗಳ ಮೂಲಕ ಹಿಂದಿನ ಹಾಡಷ್ಟೂ ಬಂದು ಅವನ ಗೋಡೆಗೆ ಬಡಿಯತೊಡಗಿತು. ಅವನು ಸಿಟ್ಟಿನಿಂದ ಕಿಟಕಿಗೆ ಕೈ ಹಾಕಿದ.

"ಅಯ್ಯಯ್ಯೋ ಕರಿಬಸಪ್ನೋರೆ!" ಆಚೆಯಿಂದ ಹನುಮಂತಯ್ಯ ಕೂಗಿದ. "ಇಲ್ಲಿ ತುಂಬಾ ಚೆನ್ನಾಗಿ ಕೇಳ್ತಿದೆ. ಕೈ ಮುಗೀತೀನಿ, ಆ ಕಿಟಕಿ ಮಾತ್ರ ಮುಚ್ಬೇಡಿ!"