ದರ್ಜಿ ಹೊಲಿದ ಗೇಟು

"ಈ ಗೇಟನ್ನು ನಾನೇ ಹೊಲೀತೀನಿ!" ಎಂದು ನಮ್ಮ ಮನೆಯವರು ಎದೆ ಉಬ್ಬಿಸಿ ಹೇಳಿದ ದಿನವೂ ಎಲ್ಲ ದಿನದ ಹಾಗೇ ಇತ್ತು. ಅವರು ದರ್ಜಿ. ಬಟ್ಟೆ ಹೊಲಿದು ಬೇಸರವಾದಾಗ ಕಬ್ಬಿಣ ಹೊಲಿಯುವುದು ಅವರ ಹುಚ್ಚು. ಅದಕ್ಕೆಂದೇ ಟಿಫನ್ ಡಬ್ಬಿಯಂಥ ಒಂದು ವೆಲ್ಡಿಂಗ್ ಮಷೀನು ತಂದಿಟ್ಟುಕೊಂಡಿದ್ದರು.

ಗೇಟಿನ ಕೀಲು ಮುರಿದಿತ್ತು. ಕೀಲಿನದು ಕಿರುಬೆರಳಷ್ಟು ದಪ್ಪದ ಕಬ್ಬಿಣದ ಪಟ್ಟಿ. ಬೀದಿ ಕೊನೆಯ ವರ್ಕ್‌ಶಾಪಿನವನು ನೋಡಿ ನಕ್ಕ.

"ಅಣ್ಣಾ, ನಿಮ್ಮ ಮಷೀನು ತೆಳು ತಗಡಿಗೆ ಸರಿ. ಇದಕ್ಕೆ ನನ್ನ ದೊಡ್ಡದೇ ಬೇಕು."

"ದಪ್ಪ ಬಟ್ಟೆಗೆ ಹೊಲಿಗೆ ಮೇಲೆ ಹೊಲಿಗೆ ಹಾಕಲ್ವೇನಪ್ಪ? ಹಾಗೇ!" ಅಂದರು ಇವರು.

ಪಟ್ಟಿಯ ಅಂಚನ್ನು ಓರೆಯಾಗಿ ಉಜ್ಜಿದರು. ಆ ಸಂದಿಗೆ ಒಂದು ಪದರ ತುಂಬುವುದು, ಮೇಲೆ ಕಟ್ಟಿದ ಕಿಟ್ಟ ಕೆರೆಯುವುದು, ಮತ್ತೊಂದು ಪದರ. ನಡುನಡುವೆ ಮಷೀನು ಕಾದು ತಾನೇ ಆಫ್!

"ರೀ, ಇದು ನಿಮಗಿಂತ ಸೋಮಾರಿ!"

"ಸೋಮಾರಿ ಅಲ್ಲ ಕಣೇ, ಸುಸ್ತು. ಟೀ ಕೊಡು."

"ಯಾರಿಗೆ? ಅದಕ್ಕಾ?"

ಸಂಜೆಯವರೆಗೂ ಇದೇ ಕಥೆ. ನನಗೆ ರೇಗಿತು. "ಈ ಬೆಸುಗೆ ನಾಳೆವರೆಗೆ ನಿಂತರೆ, ದಿನಾ ಬೆಳಿಗ್ಗೆ ಆ ಕೀಲಿಗೆ ನಾನೇ ಎಣ್ಣೆ ಬಿಡ್ತೀನಿ!"

"ಆಮೇಲೆ ಮಾತು ತಪ್ಪಬಾರದು!"

ಬೆಸುಗೆ ಮುಗಿಯಿತು. ಎಳೆದರೆ ಗೇಟು ಅಲುಗಲಿಲ್ಲ. ಪಟ್ಟಿಯ ಜೊತೆ ಕೀಲು ತಿರುಗುವ ಕಡ್ಡಿಯನ್ನೂ ಸೇರಿಸಿ ಬೆಸೆದುಬಿಟ್ಟಿದ್ದರು! ಅವರು ಹೊರಗೆ, ನಾನು ಒಳಗೆ. ಕಾಂಪೌಂಡ್ ಹತ್ತಿ ಇಳಿಯುವಾಗ ಪ್ಯಾಂಟು ಪರ್‍ ಎಂದು ಹರಿಯಿತು. ದರ್ಜಿಯ ಪ್ಯಾಂಟು! ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು.

"ಬೆಳಿಗ್ಗೆ ಬಿಡಿಸ್ತೀನಿ ಬಿಡು" ಎಂದು ಮಲಗಿದರು.

ಬೆಳಿಗ್ಗೆ ಏಳಲಿಲ್ಲ.

ಅವರನ್ನು ಕೊಂಡೊಯ್ಯಲು ಬಂದವರೂ ಕಾಂಪೌಂಡ್ ಹತ್ತಿಯೇ ಇಳಿದರು. ಭುಜ ಕೊಟ್ಟು ತಳ್ಳಿದರು. ಗೇಟು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ವರ್ಕ್‌ಶಾಪಿನವನು ಬಂದ. ಬೆಸುಗೆಗೆ ಸುತ್ತಿಗೆಯಲ್ಲಿ ಬಾರಿಸಿದ. ಮತ್ತೆ ಬಾರಿಸಿದ. ಒಂದು ಬಿರುಕಿಲ್ಲ.

"ಅಕ್ಕಾ, ಆ ಡಬ್ಬೀಲೇ ಮಾಡಿದ್ರಾ?"

"ಅದರಲ್ಲೇ."

"ಇದನ್ನ ಕತ್ತರಿಸೋಕೆ ನನಗೆ ಕೈ ಬರಲ್ಲ ಅಕ್ಕಾ."

ಕಡ್ಡಿ ಅಂಟಿದ್ದ ಕಡೆ ಮಾತ್ರ ಕೊಯ್ದು ಬಿಡಿಸಿದ. ಪಟ್ಟಿಯ ಬೆಸುಗೆ ಮುಟ್ಟಲಿಲ್ಲ. ಅವರು ಆ ಗೇಟಿನಲ್ಲೇ ಹೋದರು.

ಬೆಸುಗೆ ಇನ್ನೂ ನಿಂತಿದೆ. ಸೋತವಳು ನಾನು. ದಿನಾ ಬೆಳಿಗ್ಗೆ ಎದ್ದವಳೇ ಅವರ ಹೊಲಿಗೆ ಮಷೀನಿನ ಎಣ್ಣೆ ಡಬ್ಬಿ ಹಿಡಿದು ಹೊರಗೆ ಹೋಗುತ್ತೇನೆ. ಕೀಲಿಗೆ ಎಣ್ಣೆ ಬಿಟ್ಟು, ಗೇಟನ್ನು ಒಮ್ಮೆ ತೆಗೆದು ಹಾಕುತ್ತೇನೆ. ಒಂದು ಸಲವಾದರೂ ಕಿರ್ ಅನ್ನಬಾರದಾ, ಹಾಳಾದ್ದು!