ಪೈಥಾನ್ ಪರೀಕ್ಷೆಗೆ ಅವ್ವನ ಚಹಾ

ಒಂದೇ ವಾರದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಅರೆದು ಕುಡಿಯುತ್ತೇನೆ ಎಂದು ಸಿಂದಗಿಯ ನಮ್ಮ ಪಡಸಾಲೆಯಲ್ಲಿ ನಿಂತು ಘೋಷಿಸಿದೆ! ವಿಜಯಪುರದ ಕಂಪನಿಯೊಂದು ಮೊಬೈಲಿನಲ್ಲೇ ಸಂದರ್ಶನ ಇಟ್ಟಿತ್ತು. ಈ ನೌಕರಿ ಸಿಕ್ಕರಷ್ಟೇ ನನಗೆ ಯಾರಾದರೂ ಹೆಣ್ಣು ಕೊಡುತ್ತಾರೆ ಎಂದು ಅವ್ವ ಕಸ್ತೂರೆವ್ವ ತೀರ್ಪು ಕೊಟ್ಟಾಗಿತ್ತು.

ಅಭ್ಯಾಸ ಶುರುವಾಯಿತು. ಸಮಸಂಖ್ಯೆ, ಬೆಸಸಂಖ್ಯೆ, ಹೆಸರನ್ನು ಹಿಂದುಮುಂದಾಗಿ ಬರೆಯುವುದು... ಅರ್ಧ ವಾರಕ್ಕೇ ಕಣ್ಣು ಉರಿ, ಬೆನ್ನು ನೋವು, ಬದುಕು ಬೇಸರ. ಎಲ್ಲೋ ಎರಡು ಚುಕ್ಕೆ ಬಿಟ್ಟರೂ ಕಂಪ್ಯೂಟರು ಕೆಂಪಕ್ಷರದಲ್ಲಿ ಬೈಯುತ್ತಿತ್ತು. ಅದು ಸುಮ್ಮನಾದರೆ ಶಾಲೆಯಲ್ಲಿ ಪಾಠ ಮಾಡುವ ತಂಗಿ ಜಯಮಾಲಾ ಶುರು ಮಾಡುತ್ತಿದ್ದಳು.

"ಅಣ್ಣಾ, ಇದು ನಮ್ಮ ಸಾಲಿ ಹುಡುಗ್ರ ಲೆಕ್ಕ ಅಲ್ಲೇನೋ?"

"ಲೆಕ್ಕ ನನಗ ಬರ್ತೈತಿ! ಈ ಡಬ್ಬಿಗಿ ತಿಳಿಸಿ ಹೇಳೂದ ಆಗವಲ್ದು!"

ಸಂದರ್ಶನದ ದಿನ ಮೊಬೈಲಿನಲ್ಲಿ ಸಿದ್ದಲಿಂಗ ಎಂಬ ಅಧಿಕಾರಿ ಪ್ರತ್ಯಕ್ಷನಾದ. ನನಗಿಂತ ಚಿಕ್ಕವನು! ಒಂದರಿಂದ ಹತ್ತರವರೆಗೆ ಅಂಕಿ ಮೂಡಿಸಿ ಎಂದ. ಇಷ್ಟೇನಾ! ಕಂಪ್ಯೂಟರಿನಲ್ಲಿ, ಅವನಿಗೂ ಕಾಣುವಂತೆ, ಟಕಟಕ ಬಡಿದೆ. ಪ್ರತಿ ಸಲ ಒಂದು ಕೂಡಿಸು ಎಂದು ಹೇಳುವುದನ್ನೇ ಮರೆತಿದ್ದೆ. ಒಂದು, ಒಂದು, ಒಂದು... ಪರದೆ ತುಂಬ ಬರೀ ಒಂದು!

"ನಿಲ್ಲಸ್ರಿ ಅದನ್ನ."

"ನಿಲ್ಲವಲ್ದರೀ ಸರ್!"

ಅಷ್ಟರಲ್ಲಿ ಅವ್ವ ಒಳಗೆ ಬಂದಳು. ಮನೆಗೆ ಬಂದವರು ಮೊಬೈಲಿನಲ್ಲೇ ಬಂದಿರಲಿ, ಊರು ಕೇಳದೆ ಬಿಡುವ ಪೈಕಿ ಅಲ್ಲ ಅವಳು.

"ಯಾವೂರಪ್ಪಾ ನಿಂದು?"

"ಮನಗೂಳಿರಿ."

"ಅಯ್ಯ, ನನ್ನ ತವರಮನಿ ಮಗ್ಗಲಕ! ಲಗ್ನ ಆಗೇತೇನು?"

"ಅವ್ವಾ!" ಎಂದು ಚೀರಿದೆ.

"ನೀ ಸುಮ್ಕಿರು, ನಿಂದಿನ್ನಾ ಮುಗದಿಲ್ಲ. ಜಯಾ, ಚಹಾ ತಗೊಂಡ್ ಬಾ!"

ಮೊಬೈಲಿನೊಳಗಿನವನಿಗೆ ಚಹಾ! ಕಪ್ಪು ಹಿಡಿದು ಬಂದ ಜಯಾ, ಓಡುತ್ತಿದ್ದ ಒಂದುಗಳನ್ನು ನೋಡಿ ಕಿಸಕ್ಕೆಂದಳು. ಅತ್ತ ಸಿದ್ದಲಿಂಗನೂ ನಕ್ಕ. ಇಬ್ಬರೂ ನಕ್ಕಿದ್ದು ನನ್ನನ್ನು ನೋಡಿ. ನಗು ಮುಗಿದ ಮೇಲೆ ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಮುಂದಿನ ವಾರ ಕಂಪನಿಯಿಂದ ಉತ್ತರ ಬರಲಿಲ್ಲ, ಸಿದ್ದಲಿಂಗ ಬಂದ! ತಾಯಿಯನ್ನು ಕರೆದುಕೊಂಡು, ಜಯಾಳನ್ನು ನೋಡಲು. ಆ ತಾಯಿ ಜಯಾಳನ್ನು ಮನಸಾರೆ ಮೆಚ್ಚಿ, ಆಮೇಲೆ ನನ್ನತ್ತ ತಿರುಗಿದರು.

"ಅಣ್ಣಗ ನೌಕರಿ ಏನೈತಿ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇಲ್ಲಂದ್ರ ನಿಮ್ಮ ಕಂಪನ್ಯಾಗ ತಗೋಳೋ ಸಿದ್ದಾ. ಹೆಂಗೂ ಬೀಗರಾಗ್ತಾರ," ಎಂದರು ಆ ಮಹಾತಾಯಿ. ಬತ್ತಿದ್ದ ಜೀವಕ್ಕೆ ನೀರು ಬಿಟ್ಟಂತಾಯಿತು! ಆಸೆಯಿಂದ ಭಾವೀ ಮೈದುನನ ಮುಖ ನೋಡಿದೆ.

ಅವನು ತಲೆ ತಗ್ಗಿಸಿ ಹೇಳಿದ:

"ಯವ್ವಾ, ತಂಗಿ ಪಸಂದ ಬಂದಾಳ. ಅಣ್ಣನ್ನ ಮಾತ್ರ ತಗೋಳಾಕ ಆಗೂದಿಲ್ಲ!"